ಬಣ್ಣ ಹಚ್ಚಿದಾಗ ಕಾಣುವ ಮುಖ: ರಂಗಚಿಕಿತ್ಸೆ ಮತ್ತು ಮನಸ್ಸಿನ ಆರೋಗ್ಯ

ಸುಗ್ಗಿ ಮುಗಿದು ಹಬ್ಬ ಜಾತ್ರೆಗಳ ಕಾಲ ಬಂದಿತೆಂದರೆ ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ದನಿ ಕೇಳತೊಡಗುತ್ತದೆ. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳ ನಡುವೆಯಾಗಲಿ, ಹೊಳೆನರಸೀಪುರದ ಹೇಮಾವತಿ ದಂಡೆಯ ಊರುಗಳಲ್ಲಾಗಲಿ, ಅರಕಲಗೂಡಿನ ಹೊಗೆಸೊಪ್ಪಿನ ಸೀಮೆಯಲ್ಲಾಗಲಿ, ಸಂಜೆ ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದವರು ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಕೊಠಡಿಯಲ್ಲೋ ಕುಳಿತು ನಾಟಕದ ಮೇಷ್ಟರ ಮುಂದೆ ಕಂದಪದ್ಯ ಕಲಿಯುತ್ತಾರೆ. ತಿಂಗಳುಗಟ್ಟಲೆ ತಾಲೀಮು ನಡೆದು ಕೊನೆಗೊಂದು ರಾತ್ರಿ ಊರಿನ ಬಯಲಲ್ಲೋ, ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೋ ‘ಕುರುಕ್ಷೇತ್ರ’ ನಾಟಕ ಏರ್ಪಡುತ್ತದೆ.

ಆ ರಾತ್ರಿಗಳಲ್ಲಿ ನಾವೊಂದು ಸಂಗತಿಯನ್ನು ಗಮನಿಸಿದ್ದೇವೆ. ತನ್ನ ಮನೆಯ ಸಾವಿನಲ್ಲಿಯೂ ಕಣ್ಣೀರು ತೋರದೆ ಗಟ್ಟಿಯಾಗಿ ನಿಂತ ಗಂಡಸು, ಕರ್ಣನಾಗಿ ಕುಂತಿಯ ಎದುರು ನಿಂತಾಗ ಗದ್ಗದಿತನಾಗುತ್ತಾನೆ. ಪದ್ಯ ಮುಗಿದರೂ ಅವನ ಅಳು ನಿಲ್ಲುವುದಿಲ್ಲ. ಪ್ರೇಕ್ಷಕರು ‘ಒನ್ಸ್ ಮೋರ್’ ಎನ್ನುತ್ತಾರೆ; ಅವನ ಮನೆಯವರು ಮಾತ್ರ ಮೌನವಾಗಿ ಕಣ್ಣೊರೆಸಿಕೊಳ್ಳುತ್ತಾರೆ. ಅತ್ತವನು ಕರ್ಣನೋ ಅಥವಾ ಕರ್ಣನ ನೆಪದಲ್ಲಿ ಆ ಮನುಷ್ಯನೋ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡ ಮನೋವಿಜ್ಞಾನದ ಒಂದು ಶಾಖೆಯೇ ಇದೆ. ಅದನ್ನು ಡ್ರಾಮಾ ಥೆರಪಿ ಎಂದು ಕರೆಯುತ್ತಾರೆ; ಕನ್ನಡದಲ್ಲಿ ರಂಗಚಿಕಿತ್ಸೆ ಎನ್ನಬಹುದು. ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಅದರ ಸ್ವರೂಪ, ಉಪಯೋಗ ಮತ್ತು ಮಿತಿಗಳನ್ನು ವಿಚಾರ ಮಾಡೋಣ.

ರಂಗಚಿಕಿತ್ಸೆ ಎಂದರೇನು?

ಮನಸ್ಸಿನ ನೋವನ್ನು ಅರಿಯುವುದಕ್ಕೂ ಹಗುರಗೊಳಿಸುವುದಕ್ಕೂ ಅಭಿನಯ, ಕಥೆ, ಪಾತ್ರ, ಮುಖವಾಡ, ಚಲನೆ ಮುಂತಾದ ರಂಗಭೂಮಿಯ ಸಾಧನಗಳನ್ನು ತರಬೇತಿ ಪಡೆದ ಚಿಕಿತ್ಸಕರ ಮಾರ್ಗದರ್ಶನದಲ್ಲಿ ಉದ್ದೇಶಪೂರ್ವಕವಾಗಿ ಬಳಸುವ ಕ್ರಮವೇ ರಂಗಚಿಕಿತ್ಸೆ. ಇಲ್ಲಿ ಚೆನ್ನಾಗಿ ನಟಿಸಬೇಕೆಂಬ ಒತ್ತಾಯವಿಲ್ಲ. ಕಂಠ ಚೆನ್ನಾಗಿರಬೇಕಿಲ್ಲ, ಮಾತು ಬಾಯಿಪಾಠವಾಗಬೇಕಿಲ್ಲ, ಟಿಕೆಟು ಕೊಂಡು ನೋಡುವವರೂ ಇರುವುದಿಲ್ಲ. ನಾಟಕದಲ್ಲಿ ಪ್ರದರ್ಶನವೇ ಗುರಿ. ರಂಗಚಿಕಿತ್ಸೆಯಲ್ಲಿ ಪಾಲ್ಗೊಂಡವರ ನೆಮ್ಮದಿಯೇ ಗುರಿ. ಒಂದರಲ್ಲಿ ಪಾತ್ರಕ್ಕಾಗಿ ಮನುಷ್ಯ ದುಡಿಯುತ್ತಾನೆ, ಇನ್ನೊಂದರಲ್ಲಿ ಮನುಷ್ಯನಿಗಾಗಿ ಪಾತ್ರ ದುಡಿಯುತ್ತದೆ.

ಮಾತಿನ ಮೂಲಕ ನಡೆಯುವ ಆಪ್ತಸಮಾಲೋಚನೆ ಎಲ್ಲರಿಗೂ ಸುಲಭವಲ್ಲ. “ನಿಮಗೆ ಏನನ್ನಿಸುತ್ತಿದೆ?” ಎಂದು ಕೇಳಿದರೆ ನಮ್ಮ ಕಡೆಯ ಬಹಳ ಜನ “ಏನೂ ಇಲ್ಲ, ಚೆನ್ನಾಗಿದ್ದೀನಿ” ಎಂದುಬಿಡುತ್ತಾರೆ. ಅದು ಸುಳ್ಳು ಹೇಳುವ ಉದ್ದೇಶದಿಂದ ಬಂದ ಮಾತಲ್ಲ. ಒಳಗಿರುವುದಕ್ಕೆ ಹೆಸರಿಡುವ ಅಭ್ಯಾಸವಿಲ್ಲದಿರುವುದೇ ಅದಕ್ಕೆ ಕಾರಣ. ಎದೆ ಭಾರ, ತಲೆ ಸಿಡಿತ, ನಿದ್ರೆ ಇಲ್ಲದಿರುವುದು, ಊಟ ಸೇರದಿರುವುದು ಎಂದು ಮನಸ್ಸಿನ ನೋವು ದೇಹದ ಭಾಷೆಯಲ್ಲಿ ಹೊರಬರುತ್ತದೆ. ದೇಹದ ಮೂಲಕವೇ ಹೊರಬರುವ ನೋವಿಗೆ ದೇಹವನ್ನೂ ಒಳಗೊಳ್ಳುವ ದಾರಿ ಹತ್ತಿರವಾಗುವುದು ಸಹಜ.

ಹಳೆಯ ಅರಿವು, ಹೊಸ ಶಾಸ್ತ್ರ

ನಾಟಕ ನೋವಿಗೆ ಮದ್ದು ಎಂಬ ಅರಿವು ಹೊಸದಲ್ಲ. ದುಃಖದಿಂದ, ಆಯಾಸದಿಂದ, ಶೋಕದಿಂದ ಬಳಲಿದವರಿಗೆ ವಿಶ್ರಾಂತಿ ನೀಡುವುದು ನಾಟ್ಯದ ಪ್ರಯೋಜನಗಳಲ್ಲಿ ಒಂದೆಂದು ಭರತನ ನಾಟ್ಯಶಾಸ್ತ್ರ ತನ್ನ ಮೊದಲ ಅಧ್ಯಾಯದಲ್ಲಿಯೇ ಹೇಳುತ್ತದೆ. ಗ್ರೀಸಿನ ಅರಿಸ್ಟಾಟಲನು ದುರಂತ ನಾಟಕವು ಕರುಣೆ ಮತ್ತು ಭಯಗಳನ್ನು ಕೆರಳಿಸಿ ಅವುಗಳ ಶೋಧನೆ ಮಾಡುತ್ತದೆಂದು ವಿವರಿಸಿದನು. ಹನ್ನೆರಡನೆಯ ಶತಮಾನದ ಶರಣರ ನಡುವೆ ವೇಷ ಕಟ್ಟುವ ಕಾಯಕದ ಬಹುರೂಪಿ ಚೌಡಯ್ಯನವರೂ, ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯವರೂ ಇದ್ದರೆಂಬುದನ್ನು ನಾವು ಮರೆಯಬಾರದು. ವೇಷ ಹಾಕುವುದೂ ನಗಿಸುವುದೂ ಕೀಳೆಂದು ಶರಣರು ಎಣಿಸಲಿಲ್ಲ. ಅವೂ ಕಾಯಕಗಳೇ ಆದವು.

ಆಧುನಿಕ ಕಾಲದಲ್ಲಿ ಇದನ್ನು ಚಿಕಿತ್ಸೆಯ ಕ್ರಮವಾಗಿ ರೂಪಿಸಿದವರಲ್ಲಿ ಜೇಕಬ್ ಮೊರೆನೊ ಪ್ರಮುಖರು. 1889ರಲ್ಲಿ ಬುಕಾರೆಸ್ಟ್‌ನಲ್ಲಿ ಜನಿಸಿದ ಈ ವೈದ್ಯರು 1920ರ ದಶಕದ ಆರಂಭದಲ್ಲಿ ವಿಯೆನ್ನಾ ನಗರದಲ್ಲಿ, ಬರೆದಿಟ್ಟ ಮಾತುಗಳಿಲ್ಲದೆ ಆ ಕ್ಷಣಕ್ಕೆ ಹುಟ್ಟುವ ಅಭಿನಯದ ರಂಗಪ್ರಯೋಗಗಳನ್ನು ನಡೆಸಿದರು. ಅಲ್ಲಿಂದ ಬೆಳೆದ ಪದ್ಧತಿಗೆ ‘ಸೈಕೋಡ್ರಾಮಾ’ ಎಂದು ಹೆಸರಾಯಿತು. ವ್ಯಕ್ತಿಯು ತನ್ನ ಬದುಕಿನ ಒಂದು ಸನ್ನಿವೇಶವನ್ನು ತಾನೇ ರಂಗದ ಮೇಲೆ ಆಡಿ ನೋಡುವುದು ಅದರ ತಿರುಳು. ಮುಂದೆ ಬ್ರೆಜಿಲಿನ ಅಗಸ್ಟೋ ಬೋಲ್ ಅವರು ದಮನಿತ ಜನರು ತಮ್ಮ ಸಮಸ್ಯೆಯನ್ನು ತಾವೇ ಆಡಿ ಪರಿಹಾರ ಹುಡುಕುವ ರಂಗಭೂಮಿಯನ್ನು ಕಟ್ಟಿದರು. 1975ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಪ್ಲೇಬ್ಯಾಕ್’ ರಂಗಭೂಮಿಯಲ್ಲಿ ಪ್ರೇಕ್ಷಕರಲ್ಲೊಬ್ಬರು ತಮ್ಮ ಅನುಭವ ಹೇಳುತ್ತಾರೆ, ನಟರು ಅದನ್ನು ಅಲ್ಲಿಯೇ ಆಡಿ ತೋರಿಸುತ್ತಾರೆ. ತನ್ನ ಕಥೆಯನ್ನು ಬೇರೊಬ್ಬರು ಗೌರವದಿಂದ ಕೇಳಿ, ಮರಳಿ ತನಗೇ ತೋರಿಸಿದಾಗ ಹೇಳಿದವರ ಎದೆ ಹಗುರಾಗುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ?

ಮೊದಲನೆಯದು ಅಂತರ. ಸ್ವಂತ ನೋವನ್ನು ನೇರವಾಗಿ ನೋಡುವುದು ನಡುಹಗಲಿನ ಸೂರ್ಯನನ್ನು ನೋಡಿದಂತೆ. ಕಣ್ಣು ತಾನಾಗಿ ಮುಚ್ಚುತ್ತದೆ. ಅದೇ ಸೂರ್ಯನನ್ನು ಕೆರೆಯ ನೀರಿನಲ್ಲಿ ನೋಡಬಹುದು. ಪಾತ್ರವೆಂಬುದು ಆ ಕೆರೆಯ ನೀರು. “ಇದು ನಾನಲ್ಲ, ಕರ್ಣ” ಎಂಬ ರಕ್ಷಣೆ ಇರುವುದರಿಂದಲೇ ತನ್ನದನ್ನು ಹೇಳಿಕೊಳ್ಳಲು ಧೈರ್ಯ ಬರುತ್ತದೆ. ಅಂತರ ತೀರ ಹೆಚ್ಚಾದರೆ ಮನಸ್ಸು ತಟ್ಟುವುದಿಲ್ಲ, ತೀರ ಕಡಮೆಯಾದರೆ ಮನಸ್ಸು ಮುಳುಗುತ್ತದೆ. ಎರಡರ ನಡುವಿನ ಹದ ಕಾಯುವುದೇ ಚಿಕಿತ್ಸಕರ ಜಾಣ್ಮೆ.

ಎರಡನೆಯದು ಪಾತ್ರಗಳ ವಿಸ್ತಾರ. ನಾವೆಲ್ಲರೂ ಮಗ, ತಂದೆ, ಸೊಸೆ, ಸಾಲಗಾರ, ಯಜಮಾನ ಎಂದು ಹಲವು ಪಾತ್ರಗಳಲ್ಲಿ ಬದುಕುತ್ತೇವೆ. ಕಷ್ಟದ ದಿನಗಳಲ್ಲಿ ಮನುಷ್ಯ ಒಂದೇ ಪಾತ್ರದೊಳಗೆ ಸಿಕ್ಕಿಬೀಳುತ್ತಾನೆ. ಬೆಳೆ ಹೋದ ರೈತ ತಾನು ಒಳ್ಳೆಯ ತಂದೆ, ಒಳ್ಳೆಯ ಗೆಳೆಯ, ಊರಿಗೆ ಬೇಕಾದ ಹಾಡುಗಾರ ಎಂಬುದೆಲ್ಲವನ್ನೂ ಮರೆತು ‘ಸಾಲಗಾರ’ ಎಂಬ ಒಂದೇ ಹೆಸರಿನಲ್ಲಿ ತನ್ನನ್ನು ಕರೆದುಕೊಳ್ಳುತ್ತಾನೆ. ಬೇರೆ ಪಾತ್ರಗಳನ್ನು ಆಡಿದಾಗ ತನ್ನೊಳಗೆ ಇನ್ನೂ ಅನೇಕರಿದ್ದಾರೆಂಬುದು ಅವನಿಗೆ ನೆನಪಾಗುತ್ತದೆ.

ಮೂರನೆಯದು ತಾಲೀಮು. ಬದುಕಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ರಂಗದ ಮೇಲೆ ಅದೇ ಸನ್ನಿವೇಶವನ್ನು ಮೂರು ಬಗೆಯಲ್ಲಿ ಆಡಿ ನೋಡಬಹುದು. ಕುಡಿಯಲು ಕರೆಯುವ ಗೆಳೆಯನಿಗೆ ಬೇಡವೆನ್ನುವುದು ಹೇಗೆ, ಸಾಲ ಕೊಟ್ಟವರ ಮುಂದೆ ಕುಗ್ಗದೆ ಕಾಲಾವಕಾಶ ಕೇಳುವುದು ಹೇಗೆ ಎಂಬುದನ್ನು ಮೊದಲೇ ಆಡಿ ಪಳಗಬಹುದು.

ನಾಲ್ಕನೆಯದು ಸಾಕ್ಷಿ. ಒಬ್ಬನೇ ಕುಳಿತು ಅಳುವುದಕ್ಕೂ, ತನ್ನನ್ನು ಹೀನಾಯವಾಗಿ ಕಾಣದ ನಾಲ್ಕು ಜನರ ಮುಂದೆ ಅಳುವುದಕ್ಕೂ ಬಹಳ ವ್ಯತ್ಯಾಸವಿದೆ. ನಾಚಿಕೆಯೆಂಬುದು ಕತ್ತಲೆಯಲ್ಲಿ ಬೆಳೆಯುವ ಗಿಡ. ಮತ್ತೊಬ್ಬರು “ನನಗೂ ಹೀಗೆಯೇ ಆಗಿತ್ತು” ಎಂದ ಕೂಡಲೇ ಅದು ಬಾಡತೊಡಗುತ್ತದೆ.

ಒಂದು ಕೂಟದ ನಡೆ

ಸಾಮಾನ್ಯವಾಗಿ ಎಂಟು ಹತ್ತು ಜನರ ಸಣ್ಣ ಗುಂಪು, ವಾರಕ್ಕೊಮ್ಮೆ ಒಂದೂವರೆ ಗಂಟೆಯ ಕೂಟ. ಇಲ್ಲಿ ಕೇಳಿದ್ದು ಇಲ್ಲಿಂದ ಹೊರಗೆ ಹೋಗಬಾರದು ಎಂಬ ಒಪ್ಪಂದದಿಂದ ಕೆಲಸ ಆರಂಭವಾಗುತ್ತದೆ. ಮೊದಲು ಉಸಿರಾಟ, ನಡಿಗೆ, ಸಣ್ಣ ಆಟಗಳಿಂದ ಮೈಮನಗಳ ಬಿಗಿತ ಸಡಿಲಾಗುತ್ತದೆ. ಆಮೇಲೆ ಒಂದು ಕಥೆಯೋ ಸನ್ನಿವೇಶವೋ ಹುಟ್ಟುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ, ತೋಟ ಬಿಟ್ಟು ಬಾರದ ತಂದೆ. ಇಬ್ಬರ ನಡುವೆ ಎರಡು ವರ್ಷದಿಂದ ಮಾತಿಲ್ಲ. ಕೂಟಕ್ಕೆ ಬಂದವನು ಮಗ. ಎದುರಿಗೆ ಒಂದು ಖಾಲಿ ಕುರ್ಚಿ ಇಟ್ಟು, ಅಲ್ಲಿ ತಂದೆ ಕುಳಿತಿದ್ದಾರೆಂದು ಭಾವಿಸಿ ಮಾತನಾಡಲು ಹೇಳುತ್ತಾರೆ. ಮೊದಲು ಸಿಟ್ಟಿನ ಮಾತುಗಳು ಬರುತ್ತವೆ. ಅನಂತರ ಅವನನ್ನೇ ಆ ಕುರ್ಚಿಯಲ್ಲಿ ಕೂರಿಸಿ, ತಂದೆಯಾಗಿ ಉತ್ತರಿಸಲು ಕೇಳುತ್ತಾರೆ. ಅವನು ತಂದೆಯಂತೆ ಬೆನ್ನು ಬಾಗಿಸಿ, ಮೊಣಕಾಲ ಮೇಲೆ ಕೈಯಿಟ್ಟು ಕೂರುತ್ತಾನೆ. “ಈ ಮರಗಳನ್ನ ನಾನೇ ನೆಟ್ಟಿದ್ದು ಕಣಪ್ಪ. ಬಿಟ್ಟು ಬಂದರೆ ನನಗೇನು ಕೆಲಸ ಅಲ್ಲಿ?” ಎಂಬ ಮಾತು ಅವನ ಬಾಯಿಂದಲೇ ಬರುತ್ತದೆ. ತಂದೆಯ ಹಟವೆಂದುಕೊಂಡದ್ದು ತಂದೆಯ ಭಯವಾಗಿತ್ತೆಂಬುದು ಅವನಿಗೆ ಹೊಳೆಯುತ್ತದೆ. ಯಾರೂ ಅವನಿಗೆ ಉಪದೇಶ ಮಾಡಲಿಲ್ಲ. ಆ ಬೆನ್ನಿನ ಬಾಗು ಅವನಿಗೆ ಕಲಿಸಿತು.

ಕೊನೆಯ ಹಂತ ವೇಷ ಕಳಚುವುದು. ಪಾತ್ರದಿಂದ ಹೊರಬಂದು, ತನ್ನ ಹೆಸರನ್ನು ಹೇಳಿಕೊಂಡು, ಕೈಕಾಲು ಕೊಡವಿ, ಏನನ್ನಿಸಿತೆಂದು ಎಲ್ಲರೂ ಹಂಚಿಕೊಳ್ಳುತ್ತಾರೆ. ಇದನ್ನು ಬಿಟ್ಟರೆ ಕೆರಳಿದ ಭಾವ ಹಾಗೆಯೇ ಉಳಿದು ಹಾನಿಯಾಗಬಹುದು. ನಮ್ಮ ಹಳ್ಳಿಯ ನಾಟಕಗಳಲ್ಲಿ ಇಲ್ಲದಿರುವುದು ಈ ಹಂತವೇ. ಬೆಳಗಿನ ಜಾವ ಬಣ್ಣ ತೊಳೆದು ಮನೆಗೆ ಹೋದ ಕಲಾವಿದ ಮೂರು ದಿನ ಮಂಕಾಗಿ ಕೂತರೆ ‘ನಿದ್ರೆ ಕೆಟ್ಟಿದೆ’ ಎಂದು ಸುಮ್ಮನಾಗುತ್ತೇವೆ.

ನಾಡಿನ ಅನುಭವಗಳು

ಕರ್ನಾಟಕದಲ್ಲಿ ರಂಗಭೂಮಿಯು ಮನಃಪರಿವರ್ತನೆಗೆ ನೆರವಾದ ದೊಡ್ಡ ನಿದರ್ಶನ ಕಾರಾಗೃಹ ರಂಗಭೂಮಿ. ಮೈಸೂರಿನ ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು ಸೆರೆವಾಸಿಗಳಿಗೆ ಅಭಿನಯ ಕಲಿಸಿ, ‘ಸಂಕಲ್ಪ’ ತಂಡದ ಮೂಲಕ ಅವರಿಂದ ನಾಟಕಗಳನ್ನು ಆಡಿಸಿದರು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶರು ರಚಿಸಿದ ‘ಮಾರನಾಯಕ’ವೂ ಅವುಗಳಲ್ಲಿ ಒಂದು. ಕೊಲೆಯ ನಂತರ ಮನುಷ್ಯನೊಳಗೆ ಏನಾಗುತ್ತದೆ ಎಂಬುದೇ ಆ ನಾಟಕದ ವಸ್ತು. ಜೀವಾವಧಿ ಶಿಕ್ಷೆಯ ಗೋಡೆಗಳ ಒಳಗೆ ಅಂಥ ಪಾತ್ರವನ್ನು ಆಡುವುದೆಂದರೆ ಬರಿಯ ಮನರಂಜನೆಯಾಗಿರಲು ಸಾಧ್ಯವಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ, 1997ರಲ್ಲಿ ‘ಶಿವಸಂಚಾರ’ ತಿರುಗಾಟವನ್ನೂ ಆರಂಭಿಸಿ ಮಠದ ಅಂಗಳಕ್ಕೆ ರಂಗಭೂಮಿಯನ್ನು ತಂದರು. ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಹಳ್ಳಿಯೊಂದು ತನ್ನ ರಂಗಭೂಮಿಯ ಮೂಲಕ ತಾನೇ ಆಲೋಚಿಸಬಲ್ಲದೆಂದು ತೋರಿಸಿತು. ಇವು ಚಿಕಿತ್ಸಾಲಯಗಳಲ್ಲ, ಅವುಗಳ ಉದ್ದೇಶ ಬೇರೆ. ಆದರೆ ನಾಟಕಕ್ಕೂ ಅಂತರಂಗ ಶುದ್ಧಿಗೂ ನಂಟಿದೆಯೆಂದು ನಂಬುವುದಕ್ಕೆ ನಮ್ಮ ನಾಡಿನಲ್ಲಿಯೇ ಆಧಾರಗಳಿವೆ.

ನಮ್ಮ ತಾಲ್ಲೂಕುಗಳಲ್ಲಿ ಇದರ ಅಗತ್ಯ

ಹಾಸನ ಸೀಮೆಯ ಆಲೂಗಡ್ಡೆ ಬೆಳೆಗಾರರು ಅಂಗಮಾರಿ ರೋಗದ ವರ್ಷಗಳನ್ನು ಮರೆತಿಲ್ಲ. ಚನ್ನರಾಯಪಟ್ಟಣದ ತೆಂಗಿಗೆ ನುಸಿಪೀಡೆ, ಕಪ್ಪುತಲೆ ಹುಳು, ಮೇಲೆ ಕೊಬ್ಬರಿ ಬೆಲೆಯ ಏರಿಳಿತ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ಬೆಳೆಗಾರ ಬ್ಯಾರನ್ನಿನ ಬೆಂಕಿಯ ಮುಂದೆ ನಿದ್ರೆಗೆಟ್ಟು ಹದ ಮಾಡಿದ ಸೊಪ್ಪನ್ನು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಒಯ್ದು, ದರ ಕೇಳಿ ಮೌನವಾಗಿ ಹಿಂದಿರುಗುತ್ತಾನೆ. ಆ ಮೌನವನ್ನು ಮನೆಯವರು ಸಿಟ್ಟೆಂದು ತಿಳಿಯುತ್ತಾರೆ, ಊರವರು ಸೊಕ್ಕೆಂದು ತಿಳಿಯುತ್ತಾರೆ. ಅದರೊಳಗೆ ಸೋಲಿನ ನಾಚಿಕೆ ಇರುತ್ತದೆ. ಅದು ಕುಡಿತವಾಗಿ, ಹೆಂಡತಿ ಮಕ್ಕಳ ಮೇಲಿನ ಕೈಯಾಗಿ, ಕೆಲವೊಮ್ಮೆ ಜೀವಕ್ಕೇ ಕುತ್ತಾಗಿ ತಿರುಗುವುದನ್ನು ನಮ್ಮ ಊರುಗಳು ಕಂಡಿವೆ. ನೋವನ್ನು ಸಕಾಲದಲ್ಲಿ ಆಡಿ ತೋರಿಸುವ ಒಂದು ಸ್ಥಳವಿದ್ದಿದ್ದರೆ ಎಂದು ನಾವು ಮತ್ತೆ ಮತ್ತೆ ಯೋಚಿಸುವುದು ಇದಕ್ಕಾಗಿಯೇ.

ಹಾಗೆಂದು ಇಂದಿನ ಪೌರಾಣಿಕ ನಾಟಕಗಳೇ ಚಿಕಿತ್ಸೆಯೆಂದು ಹೇಳಲಾರೆವು. ಅವುಗಳ ದೋಷಗಳನ್ನೂ ಪ್ರಾಮಾಣಿಕವಾಗಿ ನೋಡಬೇಕು. ಕೃಷ್ಣ, ದುರ್ಯೋಧನರಂಥ ದೊಡ್ಡ ಪಾತ್ರಗಳಿಗೆ ಹೆಚ್ಚು ವಂತಿಕೆ ಕಟ್ಟಬೇಕು. ಸೀನರಿ, ವೇಷಭೂಷಣ, ವಾದ್ಯದವರ ಖರ್ಚು ಸೇರಿ ಪಾತ್ರದ ಹಂಬಲವೇ ಹೊಸ ಸಾಲವಾಗುವುದುಂಟು. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆಯೇ ಹೊರತು ಊರಿನ ಹೆಣ್ಣುಮಕ್ಕಳಿಗೆ ರಂಗದ ಮೇಲೆ ಎಡೆಯಿಲ್ಲ. ಹೆಣ್ಣುಮಕ್ಕಳ ದುಃಖವೇನು ಕಡಮೆಯೇ? ಬಾಣಂತನದ ನಂತರದ ಖಿನ್ನತೆ, ಮಗುವಾಗದವರ ಸಂಕಟ, ವಿಧವೆಯರ ಒಂಟಿತನ ಇವುಗಳಿಗೆ ಯಾವ ನಾಟಕದಲ್ಲಿಯೂ ಪಾತ್ರವಿಲ್ಲ.

ಆದರೂ ಈ ಸೀಮೆಗೆ ಒಂದು ಅನುಕೂಲವಿದೆ. ಇಲ್ಲಿ ಪಾತ್ರ ಮಾಡುವುದು ಯಾರಿಗೂ ನಾಚಿಕೆಯ ವಿಷಯವಲ್ಲ. ಮನೋವೈದ್ಯರ ಬಳಿ ಹೋದರೆ ‘ಹುಚ್ಚು’ ಎನ್ನುವ ಜನ, ನಾಟಕಕ್ಕೆ ಹೋದರೆ ಹೂವಿನ ಹಾರ ಹಾಕುತ್ತಾರೆ. ಈ ಒಪ್ಪಿಗೆಯೇ ಬಂಡವಾಳ. ನಾಟಕದ ಮೇಷ್ಟರು, ಶಾಲೆಯ ಉಪಾಧ್ಯಾಯರು, ಆಶಾ ಕಾರ್ಯಕರ್ತೆಯರು ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಒಟ್ಟಿಗೆ ಕುಳಿತರೆ, ವಂತಿಕೆಯಿಲ್ಲದ, ಬಣ್ಣವಿಲ್ಲದ, ಗಂಡು ಹೆಣ್ಣೆಂಬ ಭೇದವಿಲ್ಲದ ಸಣ್ಣ ಕೂಟಗಳನ್ನು ಆರಂಭಿಸುವುದು ಕಷ್ಟವಲ್ಲ. ಮಠಗಳ, ಸಮುದಾಯ ಭವನಗಳ ಒಂದು ಕೊಠಡಿ ಇದಕ್ಕೆ ಸಾಕು.

ಎಚ್ಚರಿಕೆಯ ಮಾತುಗಳು

ರಂಗಚಿಕಿತ್ಸೆ ಔಷಧಿಗೆ ಬದಲಿಯಲ್ಲ. ತೀವ್ರ ಖಿನ್ನತೆ, ಸ್ಕಿಜೋಫ್ರೇನಿಯಾ, ಉನ್ಮಾದದಂಥ ಕಾಯಿಲೆಗಳಿಗೆ ಮನೋವೈದ್ಯರ ಚಿಕಿತ್ಸೆಯೇ ಮೊದಲು. ಸ್ಕಿಜೋಫ್ರೇನಿಯಾದಲ್ಲಿ ರಂಗಚಿಕಿತ್ಸೆಯ ಬಳಕೆ ಕುರಿತ ಅಧ್ಯಯನಗಳನ್ನು 2007ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ವರದಿಯು, ಲಾಭವನ್ನಾಗಲಿ ಹಾನಿಯನ್ನಾಗಲಿ ಖಚಿತವಾಗಿ ಹೇಳಲು ಆಧಾರಗಳು ಸಾಲವೆಂದಿತು. ಆದ್ದರಿಂದ ಇದನ್ನು ಸಂಜೀವಿನಿಯೆಂದು ಸಾರುವವರನ್ನು ನಂಬಬೇಕಿಲ್ಲ.

ವಾಸ್ತವಕ್ಕೂ ಭ್ರಮೆಗೂ ಗೆರೆ ಅಳಿಸಿಹೋಗಿರುವ ಸ್ಥಿತಿಯಲ್ಲಿ ಪಾತ್ರಾಭಿನಯ ಗೊಂದಲವನ್ನು ಹೆಚ್ಚಿಸಬಹುದು. ಅತ್ಯಾಚಾರ, ಅಪಘಾತ, ಆಪ್ತರ ಅಕಾಲ ಮರಣದಂಥ ಆಘಾತಗಳನ್ನು ತರಬೇತಿಯಿಲ್ಲದವರು ರಂಗದ ಮೇಲೆ ಮರುಸೃಷ್ಟಿಸಲು ಹೋದರೆ ಗಾಯ ಮತ್ತೆ ಬಿರಿಯುತ್ತದೆ. ಯಾರನ್ನೂ ಒತ್ತಾಯದಿಂದ ಆಡಿಸಬಾರದು. ನೋಡುತ್ತ ಕೂರುವುದೂ ಪಾಲ್ಗೊಳ್ಳುವಿಕೆಯೇ. ಅಲ್ಲಿ ಕೇಳಿದ ಮಾತನ್ನು ಹಳ್ಳಿಕಟ್ಟೆಯಲ್ಲಿ ಆಡುವವರಿಗೆ ಕೂಟದಲ್ಲಿ ಸ್ಥಾನವಿರಕೂಡದು. ಸಣ್ಣ ಊರಿನಲ್ಲಿ ಇದು ಎಲ್ಲಕ್ಕಿಂತ ಕಠಿಣವಾದ ನಿಯಮ, ಎಲ್ಲಕ್ಕಿಂತ ಮುಖ್ಯವಾದ ನಿಯಮವೂ ಹೌದು.

ಮನೆಯಲ್ಲಿ ಮಾಡಬಹುದಾದದ್ದು

ಚಿಕಿತ್ಸೆಯೆನ್ನಲಾಗದಿದ್ದರೂ ನಿತ್ಯದ ದುಗುಡ ಇಳಿಸಲು ಕೆಲವು ಸರಳ ಅಭ್ಯಾಸಗಳನ್ನು ಯಾರು ಬೇಕಾದರೂ ಮಾಡಬಹುದು.

ಹೇಳಲಾಗದ ಮಾತಿದ್ದರೆ, ಅದು ಸೇರಬೇಕಾದವರಿಗೆ ಒಂದು ಪತ್ರ ಬರೆಯಿರಿ. ಕಳುಹಿಸಬೇಕಾಗಿಲ್ಲ. ಮರುದಿನ ಅವರ ಸ್ಥಾನದಲ್ಲಿ ನಿಂತು ಉತ್ತರವನ್ನೂ ನೀವೇ ಬರೆಯಿರಿ.

ಮನೆಯಲ್ಲಿ ಜಗಳ ತಣ್ಣಗಾದ ಮೇಲೆ, ಇಬ್ಬರೂ ಒಪ್ಪಿದರೆ, ಸ್ಥಳ ಬದಲಿಸಿ ಕುಳಿತು ಎದುರಿನವರ ಮಾತನ್ನು ಅಣಕವಿಲ್ಲದೆ ಆಡಿ ನೋಡಿ. ಐದು ನಿಮಿಷ ಸಾಕು.

ಮಕ್ಕಳು ಪಾತ್ರೆ ಪಗಡಗಳನ್ನಿಟ್ಟುಕೊಂಡು ಅಡುಗೆ ಆಟ, ಮೇಷ್ಟರ ಆಟ ಆಡುವಾಗ ತಡೆಯಬೇಡಿ. ಗೊಂಬೆಯನ್ನು ಮಗು ಗದರುವ ರೀತಿಯಲ್ಲಿ ಮನೆಯ, ಶಾಲೆಯ ಸುದ್ದಿ ಇರುತ್ತದೆ. ಪದೇ ಪದೇ ಭಯದ ಅಥವಾ ಹೊಡೆತದ ಆಟವನ್ನೇ ಮಗು ಆಡುತ್ತಿದ್ದರೆ, ಗದರದೆ ಪಕ್ಕದಲ್ಲಿ ಕುಳಿತು ಕೇಳಿ.

ನಾಟಕದಲ್ಲಿ ಪಾತ್ರ ಮಾಡಿದವರು ಬಣ್ಣ ತೊಳೆದ ಮೇಲೆ ಜೊತೆಗಾರರೊಡನೆ ಸ್ವಲ್ಪ ಹೊತ್ತು ಕುಳಿತು, ಆ ಪಾತ್ರದಲ್ಲಿ ತಮಗೆ ತಟ್ಟಿದ್ದೇನೆಂದು ಹೇಳಿಕೊಂಡು ಮನೆಗೆ ತೆರಳುವುದು ಒಳ್ಳೆಯದು.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ರೆ, ಹಸಿವು, ಆಸಕ್ತಿ ಕುಂದಿದ್ದರೆ, ಬದುಕು ಬೇಡವೆಂಬ ಮಾತು ಬಾಯಿಂದ ಬಂದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ನಿಗದಿತ ದಿನ ಬರುವಂತೆ ರಾಜ್ಯ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರೂಪಿಸಿದೆ. ದಿನ ಯಾವುದೆಂದು ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ವೇಷ ಹಾಕುವುದು ಮರೆಮಾಚುವುದಕ್ಕೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿತ್ಯದ ಬದುಕಿನಲ್ಲಿ ‘ಚೆನ್ನಾಗಿದ್ದೀನಿ’ ಎಂಬ ವೇಷ ತೊಟ್ಟವನು ಕರ್ಣನ ವೇಷದಲ್ಲಿ ಅದನ್ನು ಕಳಚಿಡುವುದನ್ನು ನಮ್ಮೂರಿನ ರಂಗದ ಮೇಲೆಯೇ ಕಂಡಿದ್ದೇವೆ. ಮುಂದಿನ ಬಾರಿ ಹಾಗೆ ಅತ್ತವನನ್ನು ಕಂಡಾಗ ಚಪ್ಪಾಳೆ ತಟ್ಟಿ ಎದ್ದುಹೋಗುವುದು ಬೇಡ. ಬೆಳಗಾದ ಮೇಲೆ ಅವನ ಮನೆಯ ಜಗಲಿಗೆ ಹೋಗಿ, “ರಾತ್ರಿ ಪಾತ್ರ ಬಹಳ ಚೆನ್ನಾಗಿತ್ತು, ನೀನು ಹೇಗಿದ್ದೀಯಪ್ಪ?” ಎಂದು ಕೇಳೋಣ. ಅವನು ಮಾತು ಆರಂಭಿಸಿದರೆ, ಮುಗಿಯುವವರೆಗೆ ಕುಳಿತು ಕೇಳೋಣ.